ಡಬ್ಬಿಯಲ್ಲಿ ಉಳಿದದ್ದು

ರಾತ್ರಿ ಹನ್ನೊಂದು. ಲ್ಯಾಬಿನಲ್ಲಿ ನಾನು, ಒಂದು ಹಲ್ಲಿ,
ಮೂವತ್ತೇಳು ಡಿಗ್ರಿಯಲ್ಲಿ ಸುಮ್ಮನೆ ತಿರುಗುವ ಬೀಕರು.
ಮೂವತ್ತೇಳು ಅಂದರೆ ಮೈಯ ಬಿಸಿ.
ಯಾರದೂ ಅಲ್ಲದ ಒಂದು ಮೈಯನ್ನು
ಗಾಜಿನಲ್ಲಿ ಬೆಚ್ಚಗಿಟ್ಟು ಕಾಯುತ್ತಿದ್ದೇನೆ.

ಒಳಗೆ ಬೆರಳುದ್ದದ ಪೊರೆಯ ಚೀಲ, ಎರಡೂ ಬಾಯಿಗೆ ದಾರ.
ಅದರಲ್ಲಿ ಹಾಲು ಬೆರೆಸಿದಂಥ ನೀರು,
ಆ ಬಿಳುಪೆಲ್ಲ ಕಣಗಳು.
ಕೂದಲೆಳೆಯ ಅಗಲಕ್ಕೆ ನಾನೂರು ನಿಲ್ಲುತ್ತವೆ ಸಾಲಾಗಿ,
ಒಂದೊಂದರ ಹೊಟ್ಟೆಯಲ್ಲೂ ಚೂರು ಔಷಧಿ.
ತಾಸಿಗೊಮ್ಮೆ ಬೀಕರಿನಿಂದ ಎರಡು ಮಿಲಿ ತೆಗೆಯಬೇಕು,
ತೆಗೆದಷ್ಟೇ ಹೊಸದು ಸುರಿಯಬೇಕು,
ಕಡ ತಂದ ಸಕ್ಕರೆಯನ್ನು ಅದೇ ಲೋಟದಲ್ಲಿ ಅಳೆದು
ಪಕ್ಕದ ಮನೆಗೆ ಕೊಟ್ಟುಬರುವ ಅಮ್ಮಿಯ ಹಾಗೆ.

ಮೊದಲ ಬ್ಯಾಚು ಕೆಟ್ಟಿತ್ತು.
ನೀರಿಗಿಳಿದ ಅರ್ಧ ತಾಸಿಗೇ
ಮುಕ್ಕಾಲು ಪಾಲು ಔಷಧಿ ಹೊರಗೆ.
ಗ್ರಾಫು ನೋಡಿ ಕೊಟ್ರಮ್ಮ ಮೇಡಂ ಅಂದರು:
"ಏನಮ್ಮಾ ಇದು, ಮಂಡಕ್ಕಿ ಹುರಿದೀಯಾ?"
ದಾವಣಗೆರೆಯಲ್ಲಿ ಯಾರಾದರೂ ಆಡುವ ಮಾತು. ನಾನೂ ನಕ್ಕೆ.
ಅಬ್ಬಾ ಭಟ್ಟಿಯವರೆಂದು ಅವರಿಗೆ ಗೊತ್ತಿರಲಿಲ್ಲ.

ಮಂಡಕ್ಕಿ ಹಾಗೆಯೇ.
ಉಪ್ಪುನೀರು ಕುಡಿದು ತೆಪ್ಪಗಿದ್ದ ಅಕ್ಕಿ
ಕಾದ ಮರಳಿಗೆ ಬಿದ್ದ ಗಳಿಗೆ
ತನ್ನದೆಲ್ಲ ಹೇಳಿಬಿಡುತ್ತದೆ.
ಆಮೇಲೆ ಗಾಳಿ.

ಆ ಮರಳೇ ಹೋದ ವರ್ಷ ಅಬ್ಬಾನ ಪಾದಕ್ಕೆ ಚೆಲ್ಲಿತು.
ಸಕ್ಕರೆ ಕಾಯಿಲೆಯ ಪಾದ.
"ಐದು ದಿನ, ಹೊತ್ತಿಗೆ ಸರಿಯಾಗಿ" ಅಂತ ಚೀಟಿ.
ಮೂರನೇ ದಿನ ಜ್ವರ ಬಿಟ್ಟಿತು,
ಅಬ್ಬಾ ಮಾತ್ರೆ ಬಿಟ್ಟರು.
ಹದಿನೈದು ದಿನಕ್ಕೆ ಗಾಯ ಮತ್ತೆ ಒದ್ದೆ.
ಬೇರೆ ಚೀಟಿ, ಬೇರೆ ಬಣ್ಣ, ಮತ್ತದೇ ಮೂರು ದಿನ.
ಕೊನೆಗೆ ಕೀವಿನ ವರದಿ ಬಂತು:
ಔಷಧಿಗಳ ಹೆಸರು ಉದ್ದಕ್ಕೆ, ಒಂದೊಂದರ ಮುಂದೂ
ಆರ್, ಆರ್, ಆರ್.
"ಆರ್ ಅಂದ್ರೆ ಆರ್ತತಿ ಅಂತಲೇನಮ್ಮಾ?" ಕೇಳಿದರು.
ನಾಲ್ಕು ವರ್ಷ ಫಾರ್ಮಸಿ ಓದಿದವಳಿಗೆ
ಉತ್ತರ ಹೊಳೆಯಲಿಲ್ಲ.
ಎರಡು ಬೆರಳು ಆಸ್ಪತ್ರೆಯಲ್ಲೇ ಉಳಿದವು.

ಡಬ್ಬಿ ಸಿಕ್ಕಿದ್ದು ಮೊನ್ನೆ,
ಗೋಡೆಗೆ ಸುಣ್ಣ ಹೊಡೆಯಲು ಸಾಮಾನು ಇಳಿಸುವಾಗ.
ಬಿಸ್ಕತ್ತಿನ ತಗಡು ಡಬ್ಬಿ. ಒಳಗೆ ಪೇಪರಿನ ಪೊಟ್ಟಣಗಳು,
ಅಂಗಡಿಯವರು ಜೀರಿಗೆ ಕಟ್ಟಿಕೊಟ್ಟಂತೆ ನೀಟಾಗಿ,
ಮಾತ್ರೆ ಹದಿನೇಳು.
"ಚೆಲ್ಲಾಕೆ ಆಗ್ತತೇನು? ಒಂದೊಂದಕ್ಕೆ ಇಪ್ಪತ್ತು ರೂಪಾಯಿ.
ಹನುಮಕ್ಕನ ಮಗೀಗೆ ಕಿವಿ ಸೋರಿದಾಗ ಎರಡು ಕೊಟ್ಟೆ,
ಜರಡಿಯ ಬುಡೇನ್‌ಗೆ ಹಲ್ಲುನೋವಿಗೆ ಒಂದು."
ಕೇರಿಯ ಯಾವ ಮನೆಯಲ್ಲಿ ಮೈ ಕಾದರೂ
ಈ ಮುಚ್ಚಳ ತೆರೆಯುತ್ತಿತ್ತಂತೆ, ವರ್ಷಗಟ್ಟಲೆ,
ಸ್ವಲ್ಪ ಸ್ವಲ್ಪವಾಗಿ.
ಬೈಯಬೇಕೆಂದು ಬಾಯಿ ತೆರೆದವಳು
ಪೊಟ್ಟಣಗಳನ್ನು ಮತ್ತೆ ಎಣಿಸಿದೆ.
ನಾನು ಎರಡು ವರ್ಷದಿಂದ ಮಾಡಲು ಹೆಣಗಿದ್ದು
ನಮ್ಮ ಅಟ್ಟದ ಮೇಲೆಯೇ ಇತ್ತು,
ಇರಬಾರದ ರೀತಿಯಲ್ಲಿ.

ಬೆಳಗಿನ ಐದು. ಆರನೇ ಮಾದರಿ.
ಈ ಸಲ ಗೆರೆ ನೆಗೆದಿಲ್ಲ,
ತಲೆಮೇಲೆ ಕೊಡ ಹೊತ್ತವಳ ಹಾಗೆ ಏರುತ್ತಿದೆ.
ಕಣದ ಗೋಡೆ ಕರಗುತ್ತಾ ಬಂದು
ಕೊನೆಗೆ ಉಳಿಯುವುದರಲ್ಲಿ
ಮೊಸರಿನಲ್ಲಿರುವ ಹುಳಿಯೇ ಒಂದಂಶ,
ಮೈಗೆ ಅದು ಹೊಸದೇನಲ್ಲ.
ಮುಂದಿನ ಮಾದರಿಗೆ ಮುಕ್ಕಾಲು ತಾಸಿದೆ.

ಸ್ಕೂಟಿ ಹತ್ತಿ ಭಟ್ಟಿಯತ್ತ ಹೋದೆ.
ಹೊಗೆ ಆಗಲೇ ಎದ್ದಿತ್ತು.
ಅಬ್ಬಾ ಈಗ ಕೂತು ಮಾಡುವ ಕೆಲಸದಲ್ಲಿದ್ದಾರೆ:
ಚೀಲದ ಬಾಯಿ ಹೊಲಿಯುವುದು.
"ಎಷ್ಟು ಬಿಡ್ತು?"
"ನೂರಕ್ಕೆ ಹದಿನೆಂಟು."
"ಉಳಿದದ್ದು?"
"ಒಳಗೇ ಐತಿ. ಹತ್ತು ದಿನಕ್ಕೆ ಆಗ್ತತಿ."
ದಬ್ಬಣ ನಿಂತಿತು. "ಜ್ವರ ಬಿಟ್ರೂ ಬಿಡ್ತಾ ಇರ್ತತಾ?
ಮರೆಯಲ್ವಾ ಅದು?"

ಗಾಜಿನಲ್ಲಿ ಮರೆತಿಲ್ಲ ಅಂದೆ.
ಮೈಯಲ್ಲಿ ಇನ್ನೂ ನೋಡಿಲ್ಲ.
ಅಬ್ಬಾ ಒಂದು ಹಿಡಿ ಬಿಸಿ ಮಂಡಕ್ಕಿ ಕೈಗೆ ಹಾಕಿ
ಮುಂದಿನ ಚೀಲ ಎಳೆದುಕೊಂಡರು.